ಎಣ್ಣೆಗೆ ಅದ್ದುವ ಮೊದಲು ಮೂರು ಕಾವು: ಕತ್ತಿಯ ಉಕ್ಕಿನ ಹರಳು ಸಣ್ಣದಾಗಿಸುವ ಕ್ರಮ

ಹಲಸಿನ ಒಣಗೆಲ್ಲಿಗೆ ಎರಡನೇ ಏಟು ಹಾಕಿದಾಗ ಕತ್ತಿಯ ಮೂತಿ ನಾಲ್ಕು ಬೆರಳಷ್ಟು ತುಂಡಾಗಿ ತೋಟದ ಕಣಿಗೆ ಬಿತ್ತು. ನಾನೇ ಮಾಡಿದ ಕತ್ತಿ. ಗುಜರಿ ಅಂಗಡಿಯಿಂದ ಲಾರಿಯ ಸ್ಪ್ರಿಂಗ್ ಪ್ಲೇಟು ತಂದು, ಎರಡು ಭಾನುವಾರ ಬಡಿದು, ಎಣ್ಣೆಯಲ್ಲಿ ಅದ್ದಿ, ಅರ ಹಾಕಿದರೆ ಜಾರುವಷ್ಟು ಗಟ್ಟಿ ಮಾಡಿದ್ದೆ. ಆಮೇಲೆ ಬಿಸಿ ಕೊಟ್ಟು ಹದ ಇಳಿಸಿಯೂ ಇದ್ದೆ. ತುಂಡನ್ನು ಕಣಿಯಿಂದ ಹೆಕ್ಕಿ ತಂದು ನಮ್ಮೂರಿನ ಹಿರಿಯ ಆಚಾರಿಯವರಿಗೆ ತೋರಿಸಿದೆ. ಅವರು ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ಅತ್ತಿತ್ತ ತಿರುಗಿಸಿದರು. ಸಕ್ಕರೆ ಅಂಟಿಸಿಟ್ಟ ಹಾಗೆ ಮಿಣಮಿಣ ಹೊಳೆಯಿತು.

"ಮಾಷ್ಟ್ರೇ, ನೀವು ಹದ ಹಾಕಿದ್ದು ತಪ್ಪಿದ್ದಲ್ಲ. ಅದಕ್ಕೆ ಮೊದಲೇ ಕಬ್ಬಿಣ ಬೆಂದುಹೋಗಿದೆ. ಹಿಟ್ಟಿನ ಹಾಗೆ ಇರಬೇಕಾದ್ದು ರವೆ ಆಗಿದೆ ನೋಡಿ" ಅಂದರು.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕತ್ತಿ ಇಲ್ಲದ ಮನೆ ಇಲ್ಲ. ಅಡುಗೆಮನೆಯ ಮೆಟ್ಟುಕತ್ತಿ, ಹಟ್ಟಿಗೆ ಸೊಪ್ಪು ಕಡಿಯುವ ಕತ್ತಿ, ಹುಲ್ಲುಕತ್ತಿ, ಈಗ ರಬ್ಬರಿನವರ ಟ್ಯಾಪಿಂಗ್ ಕತ್ತಿ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು. ಕುಲುಮೆಗಳು ಒಂದೊಂದಾಗಿ ಮುಚ್ಚುತ್ತಿವೆ. ಹಿತ್ತಿಲಲ್ಲಿ ಸಣ್ಣ ಕುಲುಮೆ ಹಾಕಿ ತಾವೇ ಕಲಿಯುವ ಹುಡುಗರು ಅಲ್ಲಲ್ಲಿ ಇದ್ದಾರೆ. ನಾನು ನೋಡಿದ ಹಾಗೆ ಅವರೆಲ್ಲ ಬಡಿಯುವುದನ್ನು ಕಲಿಯುತ್ತಾರೆ, ಅದ್ದುವುದನ್ನು ಕಲಿಯುತ್ತಾರೆ, ನಡುವಿನ ಒಂದು ಕೆಲಸವನ್ನು ಬಿಟ್ಟುಬಿಡುತ್ತಾರೆ. ಬಡಿತ ಮುಗಿದ ಕತ್ತಿಯನ್ನು ಮೂರು ಸಲ ಕೆಂಪಗೆ ಕಾಯಿಸಿ, ಮೂರು ಸಲವೂ ಗಾಳಿಯಲ್ಲಿ ಕಪ್ಪಾಗಲು ಬಿಡುವ ಕೆಲಸ ಅದು. ಅರ್ಧ ದಿನ ಸಾಕು, ಖರ್ಚು ಒಂದಿಷ್ಟು ಇದ್ದಿಲು ಮಾತ್ರ. ಮುರಿಯುವ ಕತ್ತಿಗೂ ಬಾಗಿ ನಿಲ್ಲುವ ಕತ್ತಿಗೂ ಇರುವ ವ್ಯತ್ಯಾಸ ಬಹುಪಾಲು ಇಲ್ಲೇ ಇದೆ.

ನಮ್ಮಲ್ಲಿ ಅದ್ದುವುದಕ್ಕೂ ಆಮೇಲೆ ಬಿಸಿ ಕೊಡುವುದಕ್ಕೂ ಹದ ಎಂದೇ ಹೇಳುವುದುಂಟು. ಇಲ್ಲಿ ಗೊಂದಲ ಬೇಡವೆಂದು ಅದ್ದುವುದನ್ನು "ಗಟ್ಟಿ ಮಾಡುವುದು" ಎಂದೂ, ಆಮೇಲಿನದನ್ನು "ಹದ ಇಳಿಸುವುದು" ಎಂದೂ ಬರೆಯುತ್ತೇನೆ.

ಹರಳು ದಪ್ಪವಾಗುವುದು ಯಾವಾಗ

ಉಕ್ಕು ಕಣ್ಣಿಗೆ ಒಂದೇ ಗಟ್ಟಿಯಾಗಿ ಕಂಡರೂ ಒಳಗೆ ಒತ್ತೊತ್ತಾಗಿ ಕೂತ ಹರಳುಗಳ ರಾಶಿ. ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಒಳಗಿನ ಜೋಡಣೆಯೇ ಬದಲಾಗುತ್ತದೆ. ಹಳೆಯ ಹರಳುಗಳು ಒಂದಕ್ಕೊಂದು ತಾಗುವ ಅಂಚುಗಳಲ್ಲಿ ಆಸ್ಟೆನೈಟ್ ಎಂಬ ಹೊಸ ರೂಪದ ಹರಳುಗಳು ಮೊಳೆಯುತ್ತವೆ. ಆಗಷ್ಟೇ ಹುಟ್ಟಿದಾಗ ಅವು ಸಣ್ಣವು. ಕಾವು ಇನ್ನೂ ಏರಿದರೆ, ಅಥವಾ ಅದೇ ಕಾವಿನಲ್ಲಿ ತುಂಬ ಹೊತ್ತು ಇಟ್ಟರೆ, ದೊಡ್ಡವು ಸಣ್ಣವನ್ನು ನುಂಗಿ ಬೆಳೆಯುತ್ತವೆ. ಬಡಿಯುವಾಗ ನಾವು 1,050 ಡಿಗ್ರಿಯ ಆಸುಪಾಸಿಗೆ ಹೋಗುತ್ತೇವೆ. ಅಲ್ಲಿ ಈ ಬೆಳವಣಿಗೆಗೆ ಕೆಲವೇ ನಿಮಿಷ ಸಾಕು.

ಸುತ್ತಿಗೆಯ ಏಟು ಬೀಳುತ್ತಿರುವಷ್ಟು ಹೊತ್ತು ಅಷ್ಟು ಭಯವಿಲ್ಲ, ಏಕೆಂದರೆ ಜೋರಾಗಿ ಬಡಿದಾಗ ದಪ್ಪ ಹರಳುಗಳು ನಜ್ಜಿ ಹೊಸದಾಗಿ ಹುಟ್ಟುತ್ತವೆ. ಅಪಾಯ ಇರುವುದು ಕೊನೆಯ ಒಂದೆರಡು ಕಾವಿನಲ್ಲಿ. ಮೂತಿ ತಿದ್ದಬೇಕು, ಸೊಟ್ಟ ನೇರ ಮಾಡಬೇಕು ಎಂದು ಇಡೀ ಕತ್ತಿಯನ್ನು ಹಳದಿ ಬಣ್ಣಕ್ಕೆ ತಂದು, ನಾಲ್ಕು ಮೆಲ್ಲನೆಯ ಏಟು ಹಾಕಿ ಬಿಡುತ್ತೇವಲ್ಲ, ಆಗ ಬೆಳೆದ ಹರಳು ಹಾಗೆಯೇ ಉಳಿಯುತ್ತದೆ. ನನ್ನ ಕತ್ತಿಯಲ್ಲಿ ಆದದ್ದು ಅದೇ. ತಿದಿಯ ಬದಲು ಕರೆಂಟಿನ ಬ್ಲೋವರ್ ಇಟ್ಟುಕೊಂಡಿದ್ದೆ. ತೆಳುವಾದ ಮೂತಿ ಯಾವಾಗ ಹಳದಿಗೆ ಹೋಯಿತೆಂದು ಗಮನಕ್ಕೇ ಬರಲಿಲ್ಲ.

ಹರಳಿನ ಗಾತ್ರಕ್ಕೆ ಲೋಹಶಾಸ್ತ್ರದಲ್ಲಿ ಅಂಕಗಳಿವೆ. ಅಂಕ ಏರಿದಷ್ಟೂ ಹರಳು ಸಣ್ಣದು. 5ನೇ ಅಂಕದಲ್ಲಿ ಸರಾಸರಿ ಹರಳು ಸುಮಾರು 64 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. 8ರಲ್ಲಿ 22 ಮೈಕ್ರಾನ್, 10ರಲ್ಲಿ 11. ಬಿರುಕು ಒಂದು ಹರಳಿನಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ತಡೆ ಸಿಗುತ್ತದೆ. ಹರಳು ಸಣ್ಣದಾದಷ್ಟೂ ತಡೆಗಳು ಹೆಚ್ಚು. ದಪ್ಪ ಹರಳಿನ ಕತ್ತಿಯೂ ಗಟ್ಟಿಯೇ ಆಗಿರುತ್ತದೆ, ಅದರ ಮೇಲೂ ಅರ ಜಾರುತ್ತದೆ. ಆದ್ದರಿಂದ ಅರ ಹಾಕಿ ನೋಡಿ "ಸರಿಯಿದೆ" ಎಂದುಕೊಳ್ಳಬೇಡಿ. ಪೆಡಸುತನ ಅರಕ್ಕೆ ತಿಳಿಯುವುದಿಲ್ಲ.

ಯಾವ ಉಕ್ಕು ಎಂದು ಮೊದಲು ತಿಳಿದಿರಲಿ

ಗುಜರಿಯಲ್ಲಿ ಸಿಗುವ ಅರಗಳಲ್ಲಿ ಸಾಮಾನ್ಯವಾಗಿ ಶೇ. 1ಕ್ಕಿಂತ ಹೆಚ್ಚು ಇಂಗಾಲ. ಬೇರಿಂಗಿನ ಉಕ್ಕು, ಅಂದರೆ ಇಎನ್ 31, ಶೇ. 1ರಷ್ಟು ಇಂಗಾಲ ಮತ್ತು ಶೇ. 1.5ರ ಆಸುಪಾಸು ಕ್ರೋಮಿಯಂ ಇರುವಂಥದ್ದು. ಸ್ಪ್ರಿಂಗ್ ಪ್ಲೇಟಿನಲ್ಲಿ ಶೇ. 0.5ರಿಂದ 0.65ರವರೆಗೆ ಇಂಗಾಲ, ಕೆಲವಕ್ಕೆ ಸಿಲಿಕಾನ್ ಸೇರಿಸಿರುತ್ತಾರೆ, ಕೆಲವಕ್ಕೆ ಕ್ರೋಮಿಯಂ, ಇಎನ್ 47ರಲ್ಲಿ ಕ್ರೋಮಿಯಂ ಜೊತೆಗೆ ಸ್ವಲ್ಪ ವನೇಡಿಯಂ. ವನೇಡಿಯಂ ಇದ್ದಲ್ಲಿ ಅದರ ನುಣ್ಣನೆ ಕಣಗಳು ಹರಳಿನ ಅಂಚುಗಳನ್ನು ಹಿಡಿದು ನಿಲ್ಲಿಸುವುದರಿಂದ ಹರಳು ಬೇಗ ದಪ್ಪವಾಗುವುದಿಲ್ಲ. ಹೊಸಬರಿಗೆ ಇಂಥ ಉಕ್ಕು ಒಳ್ಳೆಯದು. ಹಳೆಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹರಳು ಎಷ್ಟು ಸಣ್ಣದಾದರೂ ಆ ಬಿರುಕು ಮುಚ್ಚುವುದಿಲ್ಲ. ಸಿಕ್ಕಿದರೆ ಬಳಸದ ಪ್ಲೇಟಿನ ತುಂಡನ್ನೇ ತನ್ನಿ. ಸತುವಿನ ಲೇಪ ಇರುವುದನ್ನು ಬೆಂಕಿಗೆ ಹಾಕಲೇಬೇಡಿ, ಅದರ ಹೊಗೆ ವಿಷ.

ಸ್ಟೇನ್‌ಲೆಸ್ ಸ್ಟೀಲ್ ಮತ್ತು ಡಿ2 ಜಾತಿಯ ಉಕ್ಕಿಗೆ ಕೆಳಗೆ ಹೇಳಿದ ಕ್ರಮ ಆಗುವುದಿಲ್ಲ. ಅವು ಗಾಳಿಯಲ್ಲೇ ಗಟ್ಟಿಯಾಗುವಂಥವು, ಅವಕ್ಕೆ ಕಾವು ಅಳೆದು ನಿಲ್ಲಿಸುವ ಫರ್ನೇಸು ಬೇಕು. ಇನ್ನು ಪ್ಲೇಟನ್ನು ಬಡಿಯದೆ, ಬೆಂಕಿಗೂ ಹಾಕದೆ, ನೀರು ಹಾಕುತ್ತಾ ಕತ್ತರಿಸಿ ಉಜ್ಜಿ ಆಕಾರಕ್ಕೆ ತಂದವರು ಅದರ ಹರಳನ್ನು ಕೆಡಿಸಿರುವುದಿಲ್ಲ.

ಬೆಳಕು, ಬಣ್ಣ, ಉಪ್ಪು

ಈ ಕೆಲಸಕ್ಕೆ ಮಳೆಗಾಲದ ಸಂಜೆ ನನಗೆ ಇಷ್ಟ. ಮೋಡ ಕವಿದ ಮಂದ ಬೆಳಕಿನಲ್ಲಿ ಉಕ್ಕಿನ ಬಣ್ಣ ಮೋಸ ಮಾಡುವುದಿಲ್ಲ. ಏಪ್ರಿಲ್ ತಿಂಗಳ ನಡುಹಗಲು ಅಂಗಳದಲ್ಲಿ ಕೂತರೆ 900 ಡಿಗ್ರಿಯ ಉಕ್ಕು ಮಾಸಲು ಕೆಂಪಾಗಿ ಕಂಡು, ಇನ್ನೂ ಸಾಲದೆಂದು ಊದಿಬಿಡುತ್ತೇವೆ. ಆದರೆ ಮಳೆಗಾಲದಲ್ಲಿ ಮಾಡಿನ ಹನಿ ಬೀಳದ ಜಾಗ ನೋಡಿಕೊಳ್ಳಿ. ಕೆಂಪಗಿನ ಕತ್ತಿಗೆ ಒಂದು ಹನಿ ಬಿದ್ದರೂ ಆ ಚುಕ್ಕೆಯಷ್ಟು ಜಾಗ ಗಟ್ಟಿಯಾಗಿ, ಅಲ್ಲಿಂದಲೇ ಬಿರುಕು ಏಳಬಹುದು. ಇದ್ದಿಲು ತೇವ ಹೀರಿದ್ದರೆ ಸಿಡಿಯುತ್ತದೆ, ಹಿಂದಿನ ದಿನವೇ ಒಲೆಯ ಮೇಲೆ ಒಣಗಲು ಇಡಿ. ಗೆರಟೆಯ ಇದ್ದಿಲು ನಮ್ಮಲ್ಲಿ ಧಾರಾಳ, ಕಾವೂ ಚೆನ್ನಾಗಿದೆ. ಆದರೆ ಬೇಗ ಏರುತ್ತದೆ, ಗಾಳಿ ಕಡಿಮೆ ಕೊಡಿ.

ಬಣ್ಣಕ್ಕೆ ನಾನು ಇಟ್ಟುಕೊಂಡ ಗುರುತು ಹೀಗೆ. ಪುನರ್ಪುಳಿ ಹಣ್ಣಿನ ಕಡುಗೆಂಪು ಬಂದರೆ 700ರ ಆಸುಪಾಸು. ಕೆಂಪು ದಾಸವಾಳ 800. ಹಣ್ಣಡಿಕೆಯ ಕಿತ್ತಳೆ 900 ದಾಟಿದ್ದು. ಬಾಳೆಹಣ್ಣಿನ ಹಳದಿ ಬಂತೆಂದರೆ 1,050ರ ಮೇಲೆ, ಇನ್ನು ಬಡಿಯದೆ ಸುಮ್ಮನೆ ಇಡಬಾರದು. ಕಣ್ಣು ಒಬ್ಬೊಬ್ಬರದು ಒಂದೊಂದು ರೀತಿ, ಆದ್ದರಿಂದ ಬೇರೆ ಎರಡು ಸಾಕ್ಷಿ ಇರಲಿ.

ಒಂದು, ಆಯಸ್ಕಾಂತ. ಹಳೆಯ ಸ್ಪೀಕರಿನದ್ದು ಸಾಕು, ತಂತಿಗೆ ಕಟ್ಟಿ ನೇತುಹಾಕಿ. ಕಬ್ಬಿಣ 770 ಡಿಗ್ರಿಗೆ ಆಯಸ್ಕಾಂತದ ಸೆಳೆತ ಕಳೆದುಕೊಳ್ಳುತ್ತದೆ. ಇಂಗಾಲ ಹೆಚ್ಚಿರುವ ಉಕ್ಕು ಸ್ವಲ್ಪ ಮೊದಲೇ. ಇನ್ನೊಂದು, ಅಡುಗೆಯ ಪುಡಿ ಉಪ್ಪು. ಉಪ್ಪು ಕರಗುವುದು 801 ಡಿಗ್ರಿಗೆ. ಕಾದ ಕತ್ತಿಯ ಬೆನ್ನಿಗೆ ಚಿಟಿಕೆ ಉಪ್ಪು ಉದುರಿಸಿ: ಪುಡಿಯಾಗಿಯೇ ಕೂತರೆ 800 ಆಗಿಲ್ಲ; ನೀರಿನ ಹಾಗೆ ಹರಡಿ ಹೊಳೆದರೆ ದಾಟಿದೆ. ಕಲ್ಲುಪ್ಪು ಬೇಡ, ಸಿಡಿದು ಕಣ್ಣಿಗೆ ಹಾರುತ್ತದೆ. ಕೆಲಸ ಮುಗಿದ ಮೇಲೆ ಉಪ್ಪು ಹೋಗುವ ಹಾಗೆ ತೊಳೆಯದಿದ್ದರೆ ನಮ್ಮ ಹವೆಗೆ ಮರುದಿನವೇ ತುಕ್ಕು. ಕೈಯಲ್ಲಿ ದುಡ್ಡಿದ್ದವರು ಕಾವು ಅಳೆಯುವ ಕೆ ಟೈಪ್ ಥರ್ಮೋಕಪಲ್ ತರಿಸಿಕೊಳ್ಳಿ, ಬಹಳ ಉಪಕಾರ. ಅದು ಬಂದ ಮೇಲೂ ನಾನು ಉಪ್ಪು ಉದುರಿಸುವುದನ್ನು ಬಿಟ್ಟಿಲ್ಲ, ಏಕೆಂದರೆ ಥರ್ಮೋಕಪಲ್ ಹೇಳುವುದು ಬೆಂಕಿಯ ಕಾವನ್ನು, ಉಪ್ಪು ಹೇಳುವುದು ಕತ್ತಿಯ ಕಾವನ್ನು.

ಮೂರು ಸುತ್ತು

ಕತ್ತಿಯ ಬಾಯಿಯನ್ನು ಇನ್ನೂ ತೆಳುವಾಗಿಸಬೇಡಿ, 1.5 ಮಿಲಿಮೀಟರಿನಷ್ಟು ದಪ್ಪ ಇರಲಿ. ಪ್ರತಿ ಕಾವಿನಲ್ಲೂ ಮೇಲ್ಮೈಯಿಂದ ಒಂದು ಪದರ ಸಿಪ್ಪೆಯಾಗಿ ಏಳುತ್ತದೆ, ಅದರ ಕೆಳಗಿನ ಪದರ ಇಂಗಾಲ ಕಳೆದುಕೊಳ್ಳುತ್ತದೆ. ಕೊನೆಗೆ ಉಜ್ಜಿ ತೆಗೆಯಲು ಲೋಹ ಉಳಿದಿರಬೇಕು. ಹಿಡಿಯ ತುದಿಯ ತೂತಿಗೆ ತಂತಿ ಕಟ್ಟಿ, ಕತ್ತಿಯನ್ನು ತೂಗುಹಾಕಲು ಒಂದು ಕೊಕ್ಕೆಯನ್ನೂ ಸಿದ್ಧಮಾಡಿಟ್ಟುಕೊಳ್ಳಿ.

ಬೆಂಕಿಯಲ್ಲಿ ಲೇಪವಿಲ್ಲದ ದಪ್ಪ ಕಬ್ಬಿಣದ ಪೈಪಿನ ತುಂಡೊಂದನ್ನು ಹೂತು, ಅದರೊಳಗೆ ಕತ್ತಿ ತೂರಿಸುವುದು ನಾನು ಕಂಡ ಅತ್ಯುತ್ತಮ ಉಪಾಯ. ಗಾಳಿ ನೇರವಾಗಿ ತಾಗುವುದಿಲ್ಲ, ಮೂತಿಯೂ ಬಾಯಿಯೂ ಬೆನ್ನಿಗಿಂತ ಮೊದಲು ಉರಿದುಹೋಗುವುದಿಲ್ಲ. ಪೈಪು ಇಲ್ಲದಿದ್ದರೆ ಬೆನ್ನು ಕೆಳಗೆ ಮಾಡಿ ಇಟ್ಟು, ಹಿಂದೆ ಮುಂದೆ ಆಡಿಸುತ್ತಾ ಇರಿ.

ಮೊದಲ ಸುತ್ತಿನ ಗುರಿ 870ರಿಂದ 900. ಇಡೀ ಕತ್ತಿ ಒಂದೇ ಬಣ್ಣಕ್ಕೆ ಬಂದ ಮೇಲೆ ಎರಡು ಮೂರು ನಿಮಿಷ ಸಾಕು. ಬಡಿತದಲ್ಲಿ ಒಂದೊಂದು ಕಡೆ ಒಂದೊಂದು ಥರ ಆದ ಒಳರಚನೆಯನ್ನು ಸಮ ಮಾಡುವುದು ಈ ಸುತ್ತಿನ ಕೆಲಸ. ತೆಗೆದು ಕೊಕ್ಕೆಗೆ ತೂಗುಹಾಕಿ. ಅಡಿಗಲ್ಲಿನ ಮೇಲೋ ನೆಲದ ಮೇಲೋ ಇಡಬೇಡಿ, ತಾಗಿದ ಬದಿ ಬೇಗ ತಣಿದು ಕತ್ತಿ ಸೊಟ್ಟಾಗುತ್ತದೆ. ಸೊಟ್ಟ ಕಂಡರೆ ಕೆಂಪು ಇರುವಾಗಲೇ ಮರದ ಕೊಡತಿಯಿಂದ ಮೆಲ್ಲ ತಟ್ಟಿ ನೇರ ಮಾಡಿ.

ಇನ್ನು ಕಾಯಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಕೆಂಪು ಸ್ವಲ್ಪ ಮಾಸಿದ ಕೂಡಲೇ ಮತ್ತೆ ಬೆಂಕಿಗೆ ಹಾಕಿದರೆ ಒಂದು ಸುತ್ತು ಆದ ಹಾಗಲ್ಲ. ತಣಿಯುವಾಗ ಉಕ್ಕು ಆಸ್ಟೆನೈಟ್ ಎಂಬ ಆ ಹೊಸ ರೂಪವನ್ನು ಪೂರ್ತಿ ಬಿಟ್ಟು ಹಿಂದಕ್ಕೆ ಬಂದಿರಬೇಕು. ಆಗ ಮಾತ್ರ ಮುಂದಿನ ಕಾವಿನಲ್ಲಿ ಮತ್ತೆ ಹೊಸದಾಗಿ, ಇನ್ನೂ ಹೆಚ್ಚು ಕಡೆಗಳಲ್ಲಿ ಹರಳು ಮೊಳೆಯುತ್ತದೆ. ಕತ್ತಲೆಯಲ್ಲಿ ಹಿಡಿದು ನೋಡಿದರೂ ಕೆಂಪು ಕಾಣಬಾರದು, ಆಯಸ್ಕಾಂತ ಗಟ್ಟಿಯಾಗಿ ಹಿಡಿಯಬೇಕು, ಅದರ ಮೇಲೂ ಐದು ನಿಮಿಷ ಬಿಡಿ. ಕ್ರೋಮಿಯಂ ಇರುವ ಉಕ್ಕಾದರೆ ಕೈಯಲ್ಲಿ ಮುಟ್ಟುವಷ್ಟು ತಣಿಯಲಿ.

ಅರದ ಉಕ್ಕಿನಲ್ಲಿ ಮಾಡುವವರು ಈ ಹೊತ್ತಿನಲ್ಲಿ ಕತ್ತಿಯನ್ನು ಬಿಟ್ಟು ಕಣ್ಣು ತೆಗೆಯಬೇಡಿ. ಕೆಂಪು ಮೆಲ್ಲಮೆಲ್ಲನೆ ಮಾಸುತ್ತಾ ಬರುತ್ತದೆ. ಇನ್ನೇನು ಆರಿತು ಎನ್ನುವಾಗ ತೆಳುವಾದ ಬಾಯಿಯ ಕಡೆಯಿಂದ ಒಂದು ಬೆಳಕು ಎದ್ದು ಬೆನ್ನಿನ ಕಡೆಗೆ ಹರಿಯುತ್ತದೆ, ಯಾರೋ ಒಳಗಿನಿಂದ ಊದಿದ ಹಾಗೆ. ಆಮೇಲೆ ಕಪ್ಪಾಗುತ್ತದೆ. ರಚನೆ ಬದಲಾಗುವಾಗ ಉಕ್ಕು ಬಿಟ್ಟುಕೊಡುವ ಬಿಸಿ ಅದು. ಕಾಯಿಸುವಾಗ ಇದರ ಉಲ್ಟಾ: ಕೆಂಪಿನ ನಡುವೆ ಮೋಡದ ನೆರಳಿನಂಥ ಕಪ್ಪು ಮಚ್ಚೆಗಳು ಓಡಾಡಿ, ದಪ್ಪ ಇರುವ ಬೆನ್ನಿನಲ್ಲಿ ಕೊನೆಗೆ ಮಾಯವಾಗುತ್ತವೆ. ಆ ನೆರಳು ಪೂರ್ತಿ ಹೋದ ಮೇಲೆಯೇ ಇಡೀ ಕತ್ತಿ ಹೊಸ ರೂಪಕ್ಕೆ ದಾಟಿತು ಎಂದು ಲೆಕ್ಕ. ನಾನು ಇದನ್ನು ಮೊದಲ ಸಲ ಕಂಡ ಸಂಜೆ ಇಕ್ಕಳ ಹಿಡಿದು ಹಾಗೆಯೇ ನಿಂತಿದ್ದೆ. ಹಿಂದೆ ಹತ್ತು ಕತ್ತಿ ಮಾಡಿದ್ದರೂ ಬಿಸಿಲಿನಲ್ಲಿ ಕೂತು ಒಮ್ಮೆಯೂ ಅದನ್ನು ನೋಡಿರಲಿಲ್ಲ.

ಎರಡನೇ ಸುತ್ತು 820ರ ಆಸುಪಾಸು. ಉಪ್ಪು ಕರಗಿ ಸ್ವಲ್ಪ ಹೊತ್ತಾಗಿರಬೇಕು, ಹಣ್ಣಡಿಕೆಯ ಬಣ್ಣ ಬಂದಿರಬಾರದು. ಮೂರನೆಯದು ಇನ್ನೂ ಕೆಳಗೆ, ನೆರಳು ಮಾಯವಾದ ಕೂಡಲೇ ತೆಗೆಯುವಷ್ಟು: ಸಾದಾ ಇಂಗಾಲದ ಉಕ್ಕಿಗೆ 770ರಿಂದ 780. ಪ್ರತಿ ಸಲ ಕಾವು ಕಡಿಮೆ ಮಾಡುವುದು ಏಕೆಂದರೆ, ಸಣ್ಣದಾಗಿ ಹುಟ್ಟಿದ ಹರಳಿಗೆ ಬೆಳೆಯಲು ಅವಕಾಶ ಕೊಡಬಾರದು. ಸಿಲಿಕಾನ್ ಇರುವ ಸ್ಪ್ರಿಂಗ್ ಪ್ಲೇಟಿಗೆ ಮಾತ್ರ ಎರಡನೇ ಮತ್ತು ಮೂರನೇ ಸುತ್ತನ್ನು 40 ಡಿಗ್ರಿಯಷ್ಟು ಮೇಲೆ ಇಟ್ಟುಕೊಳ್ಳಿ. ಸಿಲಿಕಾನ್ ಇದ್ದರೆ ಉಕ್ಕು ಹೊಸ ರೂಪಕ್ಕೆ ದಾಟುವ ಕಾವೇ ಮೇಲೆ ಹೋಗುತ್ತದೆ. ಅಲ್ಲಿ ಆಯಸ್ಕಾಂತ ಬಿಟ್ಟರೂ ಒಳಗೆ ಅರ್ಧ ಕೆಲಸ ಬಾಕಿ ಇರುತ್ತದೆ. "ಸ್ಪ್ರಿಂಗ್ ಪ್ಲೇಟು ಗಟ್ಟಿಯೇ ಆಗುವುದಿಲ್ಲ" ಎಂದು ದೂರುವವರಲ್ಲಿ ಅನೇಕರು ಆಯಸ್ಕಾಂತ ಬಿಟ್ಟ ಕೂಡಲೇ ಅದ್ದಿದವರು.

ಬೂದಿಯಲ್ಲಿ ಹೂತಿಡುವುದು ಬೇರೆಯೇ ಕೆಲಸ. ತೂತು ಕೊರೆಯಲು, ಅರ ಹಾಕಲು ಮೆತ್ತಗೆ ಬೇಕಾದಾಗ ಅದು ಸರಿ. ಹರಳು ಸಣ್ಣದಾಗಿಸಲು ಗಾಳಿಯೇ ಬೇಕು. ಅರ, ಬೇರಿಂಗ್ ಇಂಥ ಹೆಚ್ಚು ಇಂಗಾಲದ ಉಕ್ಕನ್ನು ಹೆಚ್ಚಿನ ಕಾವಿನಿಂದ ಬೂದಿಗೆ ಹಾಕಿ ರಾತ್ರಿಯಿಡೀ ತಣಿಸಿದರೆ, ಹೆಚ್ಚಾದ ಇಂಗಾಲ ಹರಳುಗಳ ಅಂಚಿನುದ್ದಕ್ಕೂ ಗಾಜಿನಂಥ ಪೆಡಸು ಪದರವಾಗಿ ಕೂರುತ್ತದೆ. ಮೊದಲು ಮೂರು ಸುತ್ತು ಮುಗಿಸಿ. ಮೆತ್ತಗೆ ಬೇಕೆಂದಾದರೆ ಆಮೇಲೆ ಪುನರ್ಪುಳಿಯ ಬಣ್ಣಕ್ಕೆ, 680ರ ಒಳಗೆ, ಒಮ್ಮೆ ಕಾಯಿಸಿ ಬಿಡಿ.

ಮುರಿದು ನೋಡಿ

ಕತ್ತಿ ಮಾಡಿದ ಅದೇ ಪ್ಲೇಟಿನಿಂದ ಬೆರಳಗಲದ ಮೂರು ಪಟ್ಟಿ ಕತ್ತರಿಸಿಕೊಳ್ಳಿ. ಮೂರನ್ನೂ ಬಾಳೆಹಣ್ಣಿನ ಹಳದಿಗೆ ಕಾಯಿಸಿ ಹರಳು ಬೇಕೆಂದೇ ದಪ್ಪ ಮಾಡಿ, ಕಪ್ಪಾಗಲು ಬಿಡಿ. ಒಂದನ್ನು ಹಾಗೆಯೇ ಇಡಿ, ಒಂದಕ್ಕೆ ಒಂದು ಸುತ್ತು, ಒಂದಕ್ಕೆ ಮೂರೂ ಸುತ್ತು ಕೊಡಿ. ಕೊನೆಗೆ ಮೂರನ್ನೂ ಒಂದೇ ಕಾವಿನಿಂದ ಎಣ್ಣೆಗೆ ಅದ್ದಿ ಗಟ್ಟಿ ಮಾಡಿ, ಹದ ಇಳಿಸಬೇಡಿ. ಕನ್ನಡಕ ಹಾಕಿಕೊಂಡು, ವೈಸಿಗೆ ಸಿಕ್ಕಿಸಿ, ಗೋಣಿ ಸುತ್ತಿ ಮುರಿಯಿರಿ. ಗೋಣಿ ಇಲ್ಲದೆ ಮುರಿದರೆ ಚೂರು ಎತ್ತ ಹಾರುತ್ತದೆಂದು ಹೇಳುವಂತಿಲ್ಲ.

ಮೊದಲನೆಯದರ ಮುಖ ದಪ್ಪ ರವೆ, ಬಿಸಿಲಿಗೆ ಒಂದೊಂದು ಹರಳೂ ಬೇರೆ ಬೇರೆಯಾಗಿ ಮಿನುಗುತ್ತದೆ. ಒಂದು ಸುತ್ತಿನದು ಚಿರೋಟಿ ರವೆ. ಮೂರು ಸುತ್ತಿನದು ಜರಡಿ ಹಿಡಿದ ಬೂದಿಯ ಹಾಗೆ, ಹೊಳಪಿಲ್ಲದ ನುಣ್ಣನೆ ಬೂದುಬಣ್ಣ. ಬೂತಗನ್ನಡಿಯಲ್ಲೂ ಹರಳು ಬಿಡಿಯಾಗಿ ಕಾಣದು. ಮುರಿಯುವಾಗ ಕೈಗೂ ಗೊತ್ತಾಗುತ್ತದೆ. ಮೊದಲನೆಯದು ಚಿಪ್ಸಿನ ಹಾಗೆ ಟಕ್ಕೆಂದು ಹೋಗುತ್ತದೆ, ಮೂರನೆಯದಕ್ಕೆ ಮೈಭಾರ ಹಾಕಬೇಕು. ಈ ಮೂರು ತುಂಡುಗಳನ್ನು ನಾನು ಒಂದು ಹಲಗೆಗೆ ಅಂಟಿಸಿ ಕುಲುಮೆಯ ಗೋಡೆಗೆ ತೂಗುಹಾಕಿದ್ದೇನೆ. ಹೊಸ ಪ್ಲೇಟು ತಂದಾಗಲೆಲ್ಲ ಒಂದು ಪಟ್ಟಿ ಮುರಿದು ಅದರ ಪಕ್ಕ ಹಿಡಿದು ನೋಡುತ್ತೇನೆ.

ಗಟ್ಟಿ ಮಾಡುವುದು, ಹದ ಇಳಿಸುವುದು

ಇಲ್ಲಿ ಎರಡು ಎಚ್ಚರಿಕೆ ಮುಖ್ಯ. ಹರಳು ಸಣ್ಣದಾದ ಉಕ್ಕು ಗಟ್ಟಿಯಾಗಲು ಇನ್ನೂ ಬೇಗ ತಣಿಯಬೇಕು. ಬೆಂಕಿಯಿಂದ ಎಣ್ಣೆಗೆ ಎರಡು ಸೆಕೆಂಡಿನೊಳಗೆ ಹೋಗುವ ಹಾಗೆ ಪಾತ್ರೆಯನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಿ. ಎರಡನೆಯದು, ಕೊನೆಯ ಈ ಕಾವಿನಲ್ಲಿ ಮೈಮರೆತು ಹಣ್ಣಡಿಕೆ ಬಣ್ಣ ದಾಟಿಸಿದರೆ ಮೂರು ಸುತ್ತಿನ ಶ್ರಮ ಅಲ್ಲಿಗೇ ಮುಗಿಯಿತು. ಸಾದಾ ಇಂಗಾಲದ ಉಕ್ಕಿಗೆ 800ರಿಂದ 815, ಕ್ರೋಮಿಯಂ ಇರುವ ಸ್ಪ್ರಿಂಗ್ ಪ್ಲೇಟಿಗೆ 830ರಿಂದ 845, ಸಿಲಿಕಾನಿನದ್ದಕ್ಕೆ 850 ದಾಟಿಸಬೇಕು.

ಎಣ್ಣೆ ನೆಲಗಡಲೆಯದ್ದೋ ತಾಳೆಯದ್ದೋ ಇರಲಿ, 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಕತ್ತಿಯ ಸುತ್ತ ಬೇಗ ಹರಿಯುತ್ತದೆ. ತೆಂಗಿನೆಣ್ಣೆಯೂ ಆಗುತ್ತದೆ, ಆದರೆ 24 ಡಿಗ್ರಿಗೆ ಅದು ಹೆಪ್ಪುಗಟ್ಟುವುದರಿಂದ ಡಿಸೆಂಬರ್ ಬೆಳಿಗ್ಗೆ ಮರೆಯದೆ ಕರಗಿಸಿಕೊಳ್ಳಿ. ವಾಹನದ ಹಳೇ ಆಯಿಲ್ ಬೇಡ, ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದು. ಪಾತ್ರೆ ಕಬ್ಬಿಣದ್ದೇ ಇರಲಿ, ಬೆಂಕಿ ಎದ್ದರೆ ಮುಚ್ಚಲು ತಗಡಿನ ಮುಚ್ಚಳ ಪಕ್ಕದಲ್ಲಿರಲಿ. ಉರಿಯುವ ಎಣ್ಣೆಗೆ ನೀರು ಹಾಕಬಾರದು. ಸ್ಪ್ರಿಂಗ್ ಪ್ಲೇಟನ್ನು ನೀರಿಗೆ ಅದ್ದಿದರೆ ಬಿರುಕು ಬಿಡುವ ಸಂಭವವೇ ಹೆಚ್ಚು.

ಕೈಗೆ ಬೆಚ್ಚಗೆ ಅನಿಸುವಷ್ಟು ತಣಿದ ಕೂಡಲೇ ಹದ ಇಳಿಸಲು ಹಾಕಿ, ಮರುದಿನಕ್ಕೆ ಇಡಬೇಡಿ. ಮನೆಯ ಓವನ್ನಿನಲ್ಲಿ ಒಂದು ತಟ್ಟೆ ಒಣ ಹೊಯಿಗೆ (ಮರಳು) ಇಟ್ಟು, ಅದರಲ್ಲಿ ಕತ್ತಿ ಹೂತರೆ ಕಾವು ಏರಿಳಿಯುವುದಿಲ್ಲ. ಅಡುಗೆಮನೆಯ ಕತ್ತಿಗೆ 200 ಡಿಗ್ರಿ, ಗೆಲ್ಲು ಕಡಿಯುವ ಕತ್ತಿಗೆ 220ರಿಂದ 230; ತಲಾ ಎರಡು ಗಂಟೆ, ನಡುವೆ ಪೂರ್ತಿ ತಣಿಸಿ ಎರಡು ಸಲ. ಬೆಳ್ಳಗೆ ಉಜ್ಜಿದ ಮೇಲ್ಮೈಯಲ್ಲಿ ಒಣಹುಲ್ಲಿನ ಹಳದಿ ಮೂಡುತ್ತದೆ. ಇನ್ನೂ ಮೆತ್ತಗಾಗಲಿ ಎಂದು ಬಾಯಿಯನ್ನು ನೇರಳೆ, ನೀಲಿಗೆ ಒಯ್ಯುವವರಿದ್ದಾರೆ. 260 ದಾಟಿ 370ರವರೆಗಿನ ಕಾವಿನಲ್ಲಿ ಇಂಥ ಉಕ್ಕಿನ ಗಡಸು ಇಳಿದರೂ ಪೆಡಸುತನ ಇಳಿಯುವುದಿಲ್ಲ, ಕೆಲವೊಮ್ಮೆ ಹೆಚ್ಚುತ್ತದೆ. ಬಾಯಿ ಆ ಬಣ್ಣಕ್ಕೆ ಹೋಗದ ಹಾಗೆ ನೋಡಿಕೊಳ್ಳಿ.

ಬಾಯಿ ತೆಗೆದು ಸಾಣೆ ಹಿಡಿದ ಮೇಲೆ ಹಿತ್ತಾಳೆಯ ಸರಳೊಂದರ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯಿರಿ. ಬೆಳಕಿಗೆ ಹಿಡಿದರೆ ಬಾಯಿ ಅಲೆಯ ಹಾಗೆ ಬಾಗಿ, ಸರಳು ದಾಟಿದ ಕೂಡಲೇ ನೇರವಾಗುವುದು ಕಾಣುತ್ತದೆ. ಬಾಗಿದ್ದು ಬಾಗಿಯೇ ಉಳಿದರೆ ಮೆತ್ತಗಾಗಿದೆ, ಮತ್ತೆ ಗಟ್ಟಿ ಮಾಡಬೇಕು. ಚಕ್ಕೆ ಎದ್ದರೆ ಮೊದಲು 10 ಡಿಗ್ರಿ ಹೆಚ್ಚಿಸಿ ಇನ್ನೊಮ್ಮೆ ಹದ ಇಳಿಸಿ. ಆಗಲೂ ಎದ್ದರೆ ಹರಳಿನದ್ದೇ ದೋಷ, 900ರಿಂದ ಶುರುಮಾಡಿ ಮೂರೂ ಸುತ್ತು ಮತ್ತೆ ಮಾಡಿ. ಬಾಯಿಯಲ್ಲಿ ದಪ್ಪ ಉಳಿದಿದ್ದರೆ ಒಂದು ಕತ್ತಿಗೆ ಹೀಗೆ ಎರಡು ಸಲದವರೆಗೆ ಮಾಡಬಹುದು. ನನ್ನ ಮೂತಿ ಮುರಿದ ಕತ್ತಿಯ ಉಳಿದ ಭಾಗಕ್ಕೂ ಹಾಗೆಯೇ ಮೂರು ಸುತ್ತು ಕೊಟ್ಟು ಗಿಡ್ಡ ಮಾಡಿದೆ. ಈಗ ಅದು ಹಟ್ಟಿಯ ಮಾಡಿಗೆ ಸಿಕ್ಕಿಸಿದ ಸೊಪ್ಪಿನ ಕತ್ತಿ.